ರೋಗಿಯ ಮಂಚದ ಬದಿಯಲ್ಲಿ

ಮನುಷ್ಯನ ಎದೆಯು ಮುಚ್ಚಿದ ಪೆಟ್ಟಿಗೆಯಂತಿರುವದು. ಅದರೊಳಗೆ ಹಗಲಿರುಳೆನ್ನದೆ ಗಾಳಿಯು ಹೋಗುತ್ತ ಬರುತ್ತಲಿರುವದು. ಆ ಗಾಳಿಯ ಸಂಪರ್ಕದಿಂದ ರಕ್ತವು ಶುದ್ಧವಾಗುತ್ತಲಿರುವದು. ಆದರೆ ಈ ವ್ಯವಹಾರವನ್ನು ಹೊರಗೆ ನಿಂತವನು ಕಣ್ಣಾರೆ ಕಾಣಲಾರನು. ಆದುದರಿಂದ ಎದೆಯ ರೋಗಗಳ ಚಿಕಿತ್ಸೆಯೆಂಬದು ಬಹುಮಟ್ಟಿಗೆ, ಪೆಟ್ಟಿಗೆಯನ್ನು ತೆರೆಯದೆ ಅದರೊಳಗಿನ ಸಂಗತಿಯನ್ನು ತಿಳಿಯುವ ವಿದ್ಯೆಯೇ ಆಗಿದೆ. ಈ ವಿದ್ಯೆಯ ಮೊದಲ ಪಾಠವು ನಮ್ಮ ನಾಡಿನವರಿಗೆ ಹೊಸದಲ್ಲ. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಣ್ಣುಮಗಳು ಅದನ್ನು ಬೆರಳಿನಿಂದ ಬಡಿದು, ನಾದ ಕೇಳಿ, ಗಡಿಗೆಯು ಗಟ್ಟಿಯೋ ಸೀಳಿದ್ದೋ ಎಂಬದನ್ನು ಹೇಳುವಳು. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಚೀಲದೊಳಗೆ ಕೈಯಿಟ್ಟ ವ್ಯಾಪಾರಿಯು, ಕಾಯಿ ಒಣಗಿದ್ದರೆ ಬೀಜವು ಗಲಗಲಿಸುವದೆಂದೂ ಹಸಿಯಿದ್ದರೆ ಸಪ್ಪಳವಿಲ್ಲದೆ ಮೆತ್ತಗಿರುವದೆಂದೂ ಬಲ್ಲನು. ಒಣಗಿದ್ದಕ್ಕೆ ಒಂದು ಧ್ವನಿ, ತೊಯ್ದದ್ದಕ್ಕೆ ಇನ್ನೊಂದು ಧ್ವನಿ. ಶ್ವಾಸಕೋಶದ ಪರೀಕ್ಷೆಯ ಮೂಲತತ್ವವೂ ಇಷ್ಟೇ.

ಯುರೋಪಖಂಡದಲ್ಲಿ ಈ ತತ್ವವನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು ಲಿಯೋಪೋಲ್ಡ್ ಔಯೆನ್‌ಬ್ರುಗ್ಗರ್ ಎಂಬ ವೈದ್ಯರು. ಅವರ ತಂದೆಯು ಗ್ರಾಟ್ಸ್ ಪಟ್ಟಣದಲ್ಲಿ ವಸತಿಗೃಹವನ್ನು ನಡೆಸುತ್ತಿದ್ದನು. ಮದ್ಯದ ಪೀಪಾಯಿಗಳನ್ನು ಬಡಿದು ಅವು ಎಷ್ಟು ತುಂಬಿವೆಯೆಂದು ತಿಳಿಯುವ ರೂಢಿಯನ್ನು ಅಲ್ಲಿ ಕಂಡಿದ್ದ ಮಗನು, ಮುಂದೆ ಅದನ್ನೇ ರೋಗಿಗಳ ಎದೆಗೆ ಅನ್ವಯಿಸಿದನೆಂದು ಹೇಳುವರು. ಅವರ ಚಿಕ್ಕ ಗ್ರಂಥವು ೧೭೬೧ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾಯಿತು. ಆದರೆ ೧೮೦೮ರಲ್ಲಿ ಕೊರ್ವಿಸಾರರು ಅದನ್ನು ಫ್ರೆಂಚಿಗೆ ಅನುವಾದಿಸುವ ವರೆಗೆ ವೈದ್ಯಲೋಕವು ಅದನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ೧೮೧೬ರಲ್ಲಿ ಪ್ಯಾರಿಸಿನ ಲಾಯೆನೆಕ್ ಎಂಬ ವೈದ್ಯರು ಕಾಗದವನ್ನು ಸುರುಳಿ ಸುತ್ತಿ, ಒಂದು ತುದಿಯನ್ನು ರೋಗಿಯ ಎದೆಗೂ ಇನ್ನೊಂದನ್ನು ತಮ್ಮ ಕಿವಿಗೂ ಹಚ್ಚಿ ಕೇಳಿದರು. ಇಂದು ವೈದ್ಯರ ಕೊರಳಲ್ಲಿ ಕಾಣುವ ಸ್ಟೆಥಾಸ್ಕೋಪಿನ ಮೂಲವು ಅದೇ. ಎದೆಯ ರೋಗಗಳನ್ನು ಕಿವಿಯಿಂದ ಗುರುತಿಸಲು ಜಗತ್ತಿಗೆ ಕಲಿಸಿದ ಆ ಪುಣ್ಯಾತ್ಮರು ೧೮೨೬ರಲ್ಲಿ ಕ್ಷಯರೋಗಕ್ಕೆ ತುತ್ತಾದರು. ಮುಂದೆ ೧೮೯೫ರಲ್ಲಿ ರಾಂಟ್ಗೆನ್ನರ ಕ್ಷಕಿರಣವು ಬಂದು, ಕಿವಿಯ ಕೆಲಸಕ್ಕೆ ಕಣ್ಣಿನ ನೆರವು ದೊರೆಯಿತು.

ಅಗಡಿಯಲ್ಲಿ ಹುಟ್ಟಿ ಬೆಳೆದ ನಾನು ಮೂವತ್ತು ವರ್ಷಗಳಿಗೂ ಮಿಕ್ಕಿ ಸರಕಾರಿ ದವಾಖಾನೆಗಳಲ್ಲಿ ಕೆಲಸಮಾಡಿ ಈಗ ಊರಿಗೆ ಮರಳಿರುವೆನು. ಇಷ್ಟು ಕಾಲವೂ ಎದೆಯ ಪೆಟ್ಟಿಗೆಗೆ ನನ್ನ ಕೈಯಲ್ಲಿದ್ದ ಕೀಲಿಕೈಗಳು ಇವೇ ಮೂರು: ಬೆರಳು, ಸ್ಟೆಥಾಸ್ಕೋಪು, ಕ್ಷಕಿರಣದ ಚಿತ್ರ. ಇವುಗಳ ಋಣವು ನನ್ನ ಮೇಲೆ ದೊಡ್ಡದಾಗಿದೆ. ಆದರೆ ಇತ್ತೀಚಿನ ವರ್ಷಗಳಲ್ಲಿ ನಾಲ್ಕನೆಯ ಕೀಲಿಕೈಯೊಂದು ತರುಣ ವೈದ್ಯರ ಕೈಗೆ ಬಂದಿರುವದು. ಅದೇ ಮಂಚದ ಬದಿಯಲ್ಲಿ ನಿಂತು ಶ್ವಾಸಕೋಶವನ್ನು ನೋಡುವ ಅಲ್ಟ್ರಾಸೌಂಡ್ ಯಂತ್ರ. ಅದರ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತು ಆಡಬೇಕೆಂದಿರುವೆನು. ಯಾಕಂದರೆ, ಸಕಲ ಸಾಧನಗಳಿರುವ ಶಹರದ ದವಾಖಾನೆಗಳಿಗಿಂತ, ಸಾಧನಗಳು ಕಡಿಮೆಯಿರುವ ನಮ್ಮಂಥ ತಾಲೂಕುಗಳಿಗೇ ಅದರ ಅವಶ್ಯಕತೆಯು ಹೆಚ್ಚಾಗಿರುವದೆಂದು ನನ್ನ ಅನುಭವವು ಹೇಳುತ್ತದೆ.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ಮಳೆಗಾಲ ಮುಗಿದು ಗೋವಿನಜೋಳದ ಕೊಯ್ಲು ನಡೆಯುವ ದಿನಗಳಲ್ಲಿ ನಮ್ಮ ಕಡೆಗೆ ಜ್ವರದ ರೋಗಿಗಳು ಹೆಚ್ಚುವರು. ಕೆಲವರಿಗೆ ಡೆಂಗೀ, ಕೆಲವರಿಗೆ ಇಲಿಜ್ವರ, ಕೆಲವರಿಗೆ ನ್ಯುಮೋನಿಯಾ. ಇನ್ನು ಕೆಲವರಿಗೆ ಪೊದೆ ಹುಲ್ಲುಗಳಲ್ಲಿರುವ ಅತಿ ಸಣ್ಣ ನುಸಿಮರಿಯ ಕಡಿತದಿಂದ ಬರುವ ಸ್ಕ್ರಬ್ ಟೈಫಸ್. ಇವರಲ್ಲಿ ಬಹುಜನರು ವಾರದಲ್ಲಿ ಗುಣಹೊಂದುವರು. ಆದರೆ ಕೆಲವರಲ್ಲಿ ಸೋಂಕು ತೀವ್ರವಾಗಿ ಸರ್ವಾಂಗವನ್ನೂ ವ್ಯಾಪಿಸುವದು. ಆಗ ರಕ್ತನಾಳಗಳು ಸಡಿಲಾಗಿ ರಕ್ತದ ಒತ್ತಡವು ಇಳಿಯುವದು. ಅದರೊಡನೆಯೇ ನಾಳಗಳ ಗೋಡೆಗಳು ಜಿನುಗತೊಡಗಿ, ಗಾಳಿಯಿರಬೇಕಾದ ಶ್ವಾಸಕೋಶದಲ್ಲಿ ನೀರು ಸೇರುವದು. ವೈದ್ಯನ ಧರ್ಮಸಂಕಟವು ಇಲ್ಲಿಯೇ ಇರುವದು. ಇಳಿದ ಒತ್ತಡವನ್ನು ಏರಿಸಲು ರಕ್ತನಾಳದೊಳಗೆ ನೀರು ಕೊಡಬೇಕು. ಹಾಗೆ ಕೊಟ್ಟ ನೀರು ಶ್ವಾಸಕೋಶಕ್ಕೆ ಇಳಿದರೆ ರೋಗಿಯ ಉಸಿರೇ ನಿಲ್ಲುವದು. ಒಂದೇ ದೇಹದಲ್ಲಿ ಒಂದು ಅಂಗವು ನೀರನ್ನು ಬೇಡುತ್ತಿರುವಾಗ ಇನ್ನೊಂದು ಅಂಗವು ನೀರಿನಲ್ಲಿ ಮುಳುಗುತ್ತಿರುವದು.

ಸಲಾಯಿನ್ ಬಾಟಲಿಯ ಮೇಲೆ ನಮ್ಮ ಜನರಿಗಿರುವ ಭಕ್ತಿಯನ್ನು ವಾಚಕರು ಬಲ್ಲರು. ಜ್ವರವಿರಲಿ, ಅಶಕ್ತತೆಯಿರಲಿ, ಬಾಟಲಿ ಹಚ್ಚದ ಡಾಕ್ಟರನು ಡಾಕ್ಟರನೇ ಅಲ್ಲವೆಂದು ತಿಳಿಯುವವರು ಇನ್ನೂ ಇದ್ದಾರೆ. ವಾಂತಿ ಭೇದಿಗಳಿಂದ ದೇಹವು ಒಣಗಿದಾಗ ಆ ಬಾಟಲಿಯು ಪ್ರಾಣವನ್ನೇ ಉಳಿಸುವದೆಂಬದು ನಿಜ. ತೀವ್ರ ಸೋಂಕಿನಿಂದ ರಕ್ತದೊತ್ತಡ ಇಳಿದವರಿಗೆ ಮೊದಲ ಮೂರು ತಾಸುಗಳಲ್ಲಿ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ೩೦ ಮಿಲಿಲೀಟರಿನಷ್ಟು ದ್ರವವನ್ನು ಕೊಡಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಸಲಹೆ ಕೊಡುತ್ತವೆ. ೫೦ ಕಿಲೋ ತೂಕದ ಕೂಲಿಯವನಿಗೆ ಅದು ಅರ್ಧ ಲೀಟರಿನ ಮೂರು ಬಾಟಲಿಯಾಯಿತು. ಪ್ರಶ್ನೆಯು ಮೂರನೆಯ ಬಾಟಲಿಯ ವರೆಗಿನದಲ್ಲ. ನಾಲ್ಕನೆಯದನ್ನು ಹಚ್ಚಬೇಕೋ ಬೇಡವೋ ಎಂಬದು.

ಈ ಪ್ರಶ್ನೆಗೆ ಉತ್ತರವನ್ನು ಹೇಳಲು ಸಜ್ಜಾದ ತೀವ್ರ ನಿಗಾ ಘಟಕದಲ್ಲಿ ಹಲವು ಉಪಾಯಗಳಿವೆ. ಸಣ್ಣ ದವಾಖಾನೆಯಲ್ಲಿ ಸ್ಥಿತಿಯು ಬೇರೆ. ಅಪಧಮನಿಯ ರಕ್ತದಲ್ಲಿ ಪ್ರಾಣವಾಯುವು ಎಷ್ಟಿದೆಯೆಂದು ಅಳೆಯುವ ಯಂತ್ರವು ಅನೇಕ ಕಡೆ ಇರುವದಿಲ್ಲ. ಇದ್ದರೂ ಅದಕ್ಕೆ ಬೇಕಾದ ಸಾಮಗ್ರಿಯು ತೀರಿರುವದು. ಕ್ಷಕಿರಣದ ಯಂತ್ರವಿದ್ದರೂ ಅದು ಬಹುಶಃ ಇನ್ನೊಂದು ಕಟ್ಟಡದಲ್ಲಿರುವದು. ರಾತ್ರಿ ಎರಡು ಗಂಟೆಗೆ ಅದನ್ನು ನಡೆಸುವವರು ಇರಲಿಕ್ಕಿಲ್ಲ. ಸಿಟಿ ಸ್ಕ್ಯಾನಿಗೆ ಒಯ್ಯಬೇಕಾದರೆ, ಕುಳಿತೇ ಉಸಿರಾಡಲಾರದವನನ್ನು ಅಂಗಾತ ಮಲಗಿಸಬೇಕು. ಹಾವೇರಿಯಿಂದ ಹುಬ್ಬಳ್ಳಿಗೆ ಸುಮಾರು ಎಪ್ಪತ್ತೈದು ಕಿಲೊಮೀಟರು. ರಾಣೇಬೆನ್ನೂರಿನವರು ದಾವಣಗೆರೆಯ ದಾರಿ ಹಿಡಿಯುವರು. ಹೆದ್ದಾರಿಯು ಚೆನ್ನಾಗಿದೆ, ಅಂಬುಲೆನ್ಸುಗಳೂ ಇವೆ. ಆದರೆ ಯಾರನ್ನು ಕಳಿಸಬೇಕು, ಯಾರನ್ನು ಇಲ್ಲಿಯೇ ಇಟ್ಟುಕೊಳ್ಳಬಹುದು ಎಂಬ ನಿರ್ಣಯವನ್ನು ಮಾಡಬೇಕಾದವನು ರೋಗಿಯ ಬಳಿಯಲ್ಲಿ ಒಬ್ಬನೇ ನಿಂತ ವೈದ್ಯನು. ಅವನಿಗೆ ಬೇಕಾದದ್ದು ರೋಗಿಯನ್ನು ಯಂತ್ರದ ಬಳಿಗೆ ಒಯ್ಯುವ ಸೌಕರ್ಯವಲ್ಲ, ಯಂತ್ರವು ರೋಗಿಯ ಬಳಿಗೆ ಬರುವ ಸೌಕರ್ಯ.

ಈ ಯಂತ್ರವು ಧ್ವನಿಯಿಂದಲೇ ಕೆಲಸಮಾಡುವದು. ನಮ್ಮ ಕಿವಿಯು ಸೆಕೆಂಡಿಗೆ ೨೦ ಸಾವಿರ ಕಂಪನಗಳ ವರೆಗಿನ ಧ್ವನಿಯನ್ನು ಮಾತ್ರ ಕೇಳಬಲ್ಲದು. ಇದು ಉಪಯೋಗಿಸುವ ಧ್ವನಿಯ ಕಂಪನಗಳಾದರೋ ಸೆಕೆಂಡಿಗೆ ಹತ್ತಾರು ಲಕ್ಷ. ಕೆಲವು ಸ್ಫಟಿಕಗಳ ಮೇಲೆ ಒತ್ತಡ ಬಿದ್ದರೆ ವಿದ್ಯುತ್ತು ಹುಟ್ಟುವದೆಂದು ಕ್ಯೂರಿ ಸಹೋದರರು ೧೮೮೦ರಲ್ಲಿ ತೋರಿಸಿದರು. ಅದೇ ಗುಣದಿಂದ ಯಂತ್ರದ ಹಿಡಿಕೆಯು ಧ್ವನಿಯನ್ನು ಒಳಗೆ ಕಳಿಸಿ, ಮರಳಿದ ಪ್ರತಿಧ್ವನಿಯನ್ನು ಹಿಡಿದು ಚಿತ್ರ ಬರೆಯುವದು. ಬಾವಿಯೊಳಗೆ ಬಗ್ಗಿ ಕೂಗಿದವನಿಗೆ ಪ್ರತಿಧ್ವನಿಯು ತಡೆದು ಬಂದಷ್ಟೂ ಬಾವಿಯು ಆಳವೆಂದು ತಿಳಿಯುವದಷ್ಟೆ. ಇಲ್ಲಿಯ ಲೆಕ್ಕವೂ ಹಾಗೆಯೇ. ಗ್ಲಾಸ್ಗೋ ಪಟ್ಟಣದ ಇಯಾನ್ ಡೊನಾಲ್ಡರು ೧೯೫೮ರಲ್ಲಿ ಇದನ್ನು ಸ್ತ್ರೀಯರ ಉದರದ ಪರೀಕ್ಷೆಗೆ ಬಳಸಿದ ಬಗೆಯನ್ನು ಪ್ರಕಟಿಸಿದರು. ಅಂದಿನಿಂದ ನಮ್ಮ ಜನರ ದೃಷ್ಟಿಯಲ್ಲಿ ‘ಸ್ಕ್ಯಾನಿಂಗ್’ ಎಂದರೆ ಬಸುರಿಯ ಹೊಟ್ಟೆಯ ಪರೀಕ್ಷೆಯೆಂದೇ ಆಯಿತು.

ಶ್ವಾಸಕೋಶದ ಮಟ್ಟಿಗೆ ಈ ಯಂತ್ರವು ನಿರುಪಯೋಗಿಯೆಂದು ಬಹುಕಾಲದ ವರೆಗೆ ಪಾಠ ಹೇಳುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಈ ಧ್ವನಿಯು ಗಾಳಿಯನ್ನು ದಾಟಲಾರದು. ಗಾಳಿಗೆ ತಾಗಿದೊಡನೆ ಬಹುತೇಕ ಎಲ್ಲವೂ ಮರಳಿಬಿಡುವದು. ಗಾಳಿಯಿಂದಲೇ ತುಂಬಿದ ಅಂಗದಲ್ಲಿ ಕಾಣುವದಾದರೂ ಏನು? ಫ್ರಾನ್ಸಿನ ಡೇನಿಯಲ್ ಲಿಕ್ಟೆನ್‌ಸ್ಟೈನ್ ಎಂಬ ವೈದ್ಯರು ಈ ಮಾತನ್ನು ತಿರುವಿ ನೋಡಿದರು. ಒಣಗಿದ ಶ್ವಾಸಕೋಶದಿಂದ ಒಂದು ಬಗೆಯ ಆಭಾಸವೂ ತೊಯ್ದ ಶ್ವಾಸಕೋಶದಿಂದ ಬೇರೊಂದು ಬಗೆಯ ಆಭಾಸವೂ ಪರದೆಯ ಮೇಲೆ ಮೂಡುವದಾದರೆ, ಆ ಆಭಾಸವೇ ಲಕ್ಷಣವಾಗಲಾರದೇಕೆ ಎಂದು ಅವರು ವಿಚಾರಿಸಿದರು. ೨೦೦೮ರಲ್ಲಿ ಅವರೂ ಅವರ ಸಹೋದ್ಯೋಗಿಯೂ ಪ್ರಕಟಿಸಿದ ಲೇಖದಲ್ಲಿ, ಉಸಿರುಗಟ್ಟಿ ಬಂದ ೨೬೦ ರೋಗಿಗಳಲ್ಲಿ ನೂರಕ್ಕೆ ೯೦ಕ್ಕೂ ಮಿಕ್ಕಿ ಜನರ ರೋಗಕಾರಣವನ್ನು ಈ ಪರೀಕ್ಷೆಯು ಸರಿಯಾಗಿ ತೋರಿಸಿತೆಂದು ಕಂಡುಬಂದಿತು.

ಆ ಲಕ್ಷಣಗಳನ್ನು ತಿಳಿಯಲು ಶಾಸ್ತ್ರಜ್ಞಾನವು ಬೇಕಾಗಿಲ್ಲ. ಎರಡು ಪಕ್ಕೆಲುಬುಗಳ ನಡುವೆ ಹಿಡಿಕೆಯನ್ನಿಟ್ಟರೆ ಶ್ವಾಸಕೋಶದ ಮೇಲ್ಪೊರೆಯು ಒಂದು ಬೆಳ್ಳಗಿನ ಗೆರೆಯಾಗಿ ಕಾಣುವದು. ಆ ಗೆರೆಯು ಉಸಿರಿನೊಡನೆ ಅತ್ತಿತ್ತ ಜಾರುತ್ತಿರುವದು. ಒಳಗೆ ಬರಿ ಗಾಳಿಯಿದ್ದರೆ, ಎದುರುಬದುರಾಗಿಟ್ಟ ಕನ್ನಡಿಗಳಲ್ಲಿ ಒಂದೇ ಮುಖವು ಹಲವಾಗಿ ತೋರುವಂತೆ, ಅದೇ ಗೆರೆಯು ಕೆಳಗೆ ಕೆಳಗೆ ಸಮಾನ ಅಂತರದಲ್ಲಿ ಅಡ್ಡಲಾಗಿ ಮತ್ತೆ ಮತ್ತೆ ಮೂಡುವದು. ಇದು ಒಣಗಿದ ಶ್ವಾಸಕೋಶದ ಗುರುತು. ನೀರು ಸೇರತೊಡಗಿತೆಂದರೆ ಆ ಅಡ್ಡಗೆರೆಗಳು ಅಳಿಸಿಹೋಗಿ, ಮೇಲಿಂದ ಕೆಳಗಿನ ವರೆಗೆ ನೇರವಾದ ಬೆಳಕಿನ ಕೋಲುಗಳು ಇಳಿಯುವವು. ಮಾಳಿಗೆಮನೆಯ ಬೆಳಕಿಂಡಿಯಿಂದ ಹೊಗೆ ತುಂಬಿದ ಅಡಿಗೆಮನೆಯೊಳಗೆ ಬಿಸಿಲುಕೋಲು ಇಳಿಯುವದನ್ನು ಕಂಡವರಿಗೆ ಇದನ್ನು ಬೇರೆ ವರ್ಣಿಸಬೇಕಾಗಿಲ್ಲ. ಒಂದು ಕಡೆಗೆ ಮೂರು ಅಥವಾ ಹೆಚ್ಚು ಕೋಲುಗಳು ಕಂಡರೆ ಅದು ರೋಗದ ಲಕ್ಷಣ. ಕೀವು ತುಂಬಿ ಗಟ್ಟಿಯಾದ ಭಾಗವು ಯಕೃತ್ತಿನ ಮಾಂಸದಂತೆ ಕಾಣುವದು. ಶ್ವಾಸಕೋಶದ ಹೊರಗೆ ನೀರು ನಿಂತಿದ್ದರೆ ಅದು ಕಪ್ಪಾಗಿ ತೋರುವದು. ಎದೆಯ ಎರಡೂ ಪಕ್ಕಗಳನ್ನು ನೋಡಲು ನುರಿತ ಕೈಗೆ ಐದು-ಹತ್ತು ನಿಮಿಷಗಳು ಸಾಕು. ಕಿರಣದ ಅಪಾಯವೇನೂ ಇಲ್ಲದ್ದರಿಂದ ಬೇಕಾದಷ್ಟು ಸಲ ನೋಡಬಹುದು.

ನಿವೃತ್ತನಾದ ಬಳಿಕ ನಾನು ಕೆಲವು ಕಾಲ ಒಂದು ಸಣ್ಣ ದವಾಖಾನೆಗೆ ಹೋಗಿಬರುತ್ತಿದ್ದೆನು. ಅದರ ಹೆಸರು ಇಲ್ಲಿ ಅಪ್ರಸ್ತುತ. ಒಂದು ಕಾರ್ತಿಕಮಾಸದಲ್ಲಿ, ಗೋವಿನಜೋಳದ ಹೊಲದಲ್ಲಿ ಕೂಲಿಮಾಡುವ ಸುಮಾರು ನಲವತ್ತು ವಯಸ್ಸಿನ ಹೆಣ್ಣುಮಗಳೊಬ್ಬಳನ್ನು ಅಲ್ಲಿಗೆ ತಂದರು. ಆರು ದಿನದ ಜ್ವರ. ರಕ್ತದೊತ್ತಡವು ಮೇಲಿನದು ಎಂಬತ್ತಕ್ಕೆ ಇಳಿದಿತ್ತು. ಅಲ್ಲಿಯ ತರುಣ ವೈದ್ಯೆಯು ಮೊದಲು ಎದೆಗೆ ಹಿಡಿಕೆಯನ್ನಿಟ್ಟು ನೋಡಿದಳು. ಎಲ್ಲೆಡೆಗೂ ಅಡ್ಡಗೆರೆಗಳೇ ಇದ್ದವು, ಶ್ವಾಸಕೋಶವು ಒಣಗಿತ್ತು. ಧೈರ್ಯದಿಂದ ಬಾಟಲಿಗಳನ್ನು ಹಚ್ಚಿಸಿದಳು. ಒತ್ತಡವು ತುಸು ಏರಿ, ಸಂಜೆಗೆ ಮತ್ತೆ ಇಳಿಯಿತು. ಉಸಿರು ನಿಮಿಷಕ್ಕೆ ಮೂವತ್ತಾರಾಯಿತು. ಆಗ ಮಂಚದ ಬಳಿ ನಿಂತಿದ್ದ ಮಗನು ಕೈಮುಗಿದು, “ಡಾಕ್ಟರ್ ಬಾಯಾರ, ಇನ್ನೊಂದ ಬಾಟ್ಲಿ ಹಚ್ಚರಿ. ಮುಂಜಾನಿ ಹಚ್ಚಿದಾಗ ನಮ್ಮವ್ವ ಕಣ್ಣ ತಗದಿದ್ಲರಿ,” ಎಂದನು. ಅವನ ಮಾತು ಸುಳ್ಳಾಗಿರಲಿಲ್ಲ.

ವೈದ್ಯೆಯು ಮತ್ತೆ ಹಿಡಿಕೆಯನ್ನಿಟ್ಟಳು. ಮುಂಜಾನೆ ಒಣಗಿದ್ದ ಕಡೆಗಳಲ್ಲಿಯೇ ಈಗ ಎರಡೂ ಪಕ್ಕಕ್ಕೆ ಬೆಳಕಿನ ಕೋಲುಗಳು ಇಳಿದಿದ್ದವು. ನಾನು ಅವಳನ್ನು, “ಇದು ರೋಗದ ನೀರೋ, ನಾವು ಕೊಟ್ಟ ಬಾಟಲಿಯ ನೀರೋ, ತಾಯಿ?” ಎಂದು ಕೇಳಿದೆನು. ಅವಳು, “ಅದನ್ನು ಈ ಗೆರೆಗಳು ಹೇಳುವದಿಲ್ಲ, ಸರ್. ಆದರೆ ಯಾವ ನೀರೇ ಆಗಲಿ, ಈ ಶ್ವಾಸಕೋಶವು ಇನ್ನೊಂದು ಬಾಟಲಿಯನ್ನು ತಡೆಯಲಾರದು,” ಎಂದಳು. ಬಾಟಲಿಯನ್ನು ನಿಲ್ಲಿಸಿ, ಒತ್ತಡವನ್ನು ಏರಿಸುವ ನಾರ್‌ಅಡ್ರಿನಲಿನ್ ಔಷಧವನ್ನು ಹನಿಹನಿಯಾಗಿ ಕೊಡತೊಡಗಿದಳು; ಮುಖಕ್ಕೆ ಆಕ್ಸಿಜನ್ ಹಚ್ಚಿಸಿದಳು. ಅದೇ ಸಮಯಕ್ಕೆ ನರ್ಸಬಾಯಿಯವರು ರೋಗಿಯ ಮೈಯನ್ನು ಒರಸುತ್ತಿರುವಾಗ ಕಂಕುಳಲ್ಲಿ ಬೀಡಿಯಿಂದ ಸುಟ್ಟಂಥ ಒಂದು ಕರಿಯ ಹಕ್ಕಳೆಯನ್ನು ಕಂಡು ತೋರಿಸಿದರು. ನುಸಿಮರಿಯು ಕಡಿದ ಗುರುತು ಅದು. ಜ್ವರದ ಹೆಸರು ತಿಳಿಯಿತು. ಡಾಕ್ಸಿಸೈಕ್ಲಿನ್ ಮತ್ತು ಅಜಿತ್ರೋಮೈಸಿನ್ ಎರಡನ್ನೂ ಕೂಡಿಯೇ ಪ್ರಾರಂಭಿಸಿದರು. ತೀವ್ರವಾದ ಸ್ಕ್ರಬ್ ಟೈಫಸ್ಸಿನಲ್ಲಿ ಹೀಗೆ ಎರಡನ್ನೂ ಕೂಡಿಸಿ ಕೊಡುವದು ಒಂದನ್ನೇ ಕೊಡುವದಕ್ಕಿಂತ ಮೇಲೆಂದು, ನಮ್ಮ ದೇಶದ ಏಳು ದವಾಖಾನೆಗಳಲ್ಲಿ ಸುಮಾರು ೮೦೦ ರೋಗಿಗಳ ಮೇಲೆ ನಡೆದು ೨೦೨೩ರಲ್ಲಿ ಪ್ರಕಟವಾದ ಪರಿಶೋಧನೆಯು ತೋರಿಸಿದೆ. ನಾಲ್ಕನೆಯ ದಿನ ಬೆಳಕಿನ ಕೋಲುಗಳು ವಿರಳವಾದವು. ಎಂಟನೆಯ ದಿನ ಆ ಹೆಣ್ಣುಮಗಳು ತನ್ನ ಕಾಲ ಮೇಲೆ ನಡೆದು ಮನೆಗೆ ಹೋದಳು.

ಅವಳನ್ನು ಯಂತ್ರವು ಬದುಕಿಸಿತೆಂದು ನಾನು ಹೇಳಲಾರೆನು. ರೋಗವನ್ನು ಅಡಗಿಸಿದ್ದು ಔಷಧ. ರೋಗದ ಗುರುತನ್ನು ಹಿಡಿದದ್ದು ನರ್ಸಬಾಯಿಯ ಕಣ್ಣು. ಯಂತ್ರವು ಮಾಡಿದ್ದು ಒಂದೇ ಕೆಲಸ: ‘ಸಾಕು’ ಎಂದು ಹೇಳಬೇಕಾದ ವೇಳೆಗೆ ಹೇಳಿತು. ತೀವ್ರ ರೋಗದ ಚಿಕಿತ್ಸೆಯಲ್ಲಿ ಕೊಡುವ ವಿದ್ಯೆಯಷ್ಟೇ ನಿಲ್ಲಿಸುವ ವಿದ್ಯೆಯೂ ಮಹತ್ವದ್ದು. ಮಗನ ಕಣ್ಣೀರಿನ ಮುಂದೆ ಬರಿ ಅನುಮಾನದ ಬಲದಿಂದ ಬಾಟಲಿಯನ್ನು ನಿಲ್ಲಿಸುವದು ಕಠಿಣ. ಪರದೆಯ ಮೇಲೆ ಕಂಡ ಲಕ್ಷಣದ ಬಲದಿಂದ ನಿಲ್ಲಿಸುವದು ಸುಲಭ. ಅವಳು ಆ ಮಗನಿಗೂ ಪರದೆಯನ್ನು ತೋರಿಸಿ, ನೀರು ಎಲ್ಲಿ ನಿಂತಿದೆಯೆಂದು ತಿಳಿಸಿ ಹೇಳಿದಳು. ಅವನು ಮತ್ತೆ ಬಾಟಲಿಯ ಮಾತೆತ್ತಲಿಲ್ಲ.

ನಿಲ್ಲಿಸುವ ವಿದ್ಯೆಯು ಎಷ್ಟು ಮಹತ್ವದ್ದೆಂಬದಕ್ಕೆ ಆಫ್ರಿಕಾಖಂಡದ ಎರಡು ಪರಿಶೋಧನೆಗಳು ಸಾಕ್ಷಿಯಾಗಿವೆ. ಕೆನ್ಯಾ, ಉಗಾಂಡಾ, ತಾಂಜಾನಿಯಾ ದೇಶಗಳಲ್ಲಿ ತೀವ್ರ ಜ್ವರದಿಂದ ರಕ್ತಸಂಚಾರವು ಕುಂದಿದ ೩೧೪೧ ಮಕ್ಕಳಲ್ಲಿ ನಡೆದ ಪರಿಶೋಧನೆಯು ೨೦೧೧ರಲ್ಲಿ ಪ್ರಕಟವಾಯಿತು. ಭೇದಿಯಿಂದ ಒಣಗಿದ ಮಕ್ಕಳನ್ನು ಅದರಲ್ಲಿ ಸೇರಿಸಿರಲಿಲ್ಲ. ಬಂದೊಡನೆ ಹೆಚ್ಚು ದ್ರವವನ್ನು ವೇಗವಾಗಿ ಪಡೆದ ಮಕ್ಕಳಲ್ಲಿ ಎರಡು ದಿನಗಳೊಳಗೆ ನೂರಕ್ಕೆ ಹತ್ತಕ್ಕೂ ಮಿಕ್ಕಿ ತೀರಿಕೊಂಡರು. ಹಾಗೆ ಪಡೆಯದವರಲ್ಲಿ ನೂರಕ್ಕೆ ಏಳರಷ್ಟು. ಜಾಂಬಿಯಾ ದೇಶದ ಲುಸಾಕಾದಲ್ಲಿ ತೀವ್ರ ಸೋಂಕಿನ ವಯಸ್ಕರಲ್ಲಿ ನಡೆದ ಇನ್ನೊಂದು ಪರಿಶೋಧನೆಯು ೨೦೧೭ರಲ್ಲಿ ಹೊರಬಂದಿತು. ಅದರಲ್ಲಿ ೨೦೯ ರೋಗಿಗಳ ಲೆಕ್ಕವಿದ್ದು, ಅವರಲ್ಲಿ ಬಹುಜನರು ಎಚ್‌ಐವಿ ಸೋಂಕಿನವರಾಗಿದ್ದರು. ನಿಯಮದ ಪ್ರಕಾರ ಹೆಚ್ಚು ದ್ರವ ಪಡೆದವರಲ್ಲಿ ನೂರಕ್ಕೆ ೪೮, ರೂಢಿಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ೩೩ ಜನರು ಅಸುನೀಗಿದರು. ಶ್ರೀಮಂತ ದೇಶಗಳಲ್ಲಿ ಉಸಿರಾಟದ ಯಂತ್ರವು ಪಕ್ಕದಲ್ಲಿಯೇ ಇರುವಾಗ ನಡೆಯುವ ಚಿಕಿತ್ಸೆಯು, ಅದಿಲ್ಲದ ಕಡೆಗಳಲ್ಲಿ ಅದೇ ಫಲವನ್ನು ಕೊಡಲಿಕ್ಕಿಲ್ಲ. ಈ ಎರಡರಲ್ಲಿ ಯಾವದೂ ಅಲ್ಟ್ರಾಸೌಂಡಿನ ಪರೀಕ್ಷೆಯಾಗಿರಲಿಲ್ಲವೆಂಬದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ನೀರನ್ನು ಕಣ್ಣುಮುಚ್ಚಿ ಸುರಿಯಬಾರದೆಂಬ ಪಾಠವನ್ನು ಅವು ಕಲಿಸಿದವು. ಕಣ್ಣು ತೆರೆಯುವ ಒಂದು ಉಪಾಯವನ್ನು ಈ ಯಂತ್ರವು ಒದಗಿಸುವದು.

ಅದೇ ಖಂಡದ ಇನ್ನೊಂದು ಸಂಗತಿಯು ನನ್ನ ಮನಸ್ಸಿನಲ್ಲಿ ಬಹುದಿನ ನಿಂತಿತು. ಸೋಂಕು ಮುಂತಾದವುಗಳಿಂದ ಎರಡೂ ಶ್ವಾಸಕೋಶಗಳು ಒಮ್ಮೆಲೆ ತೊಯ್ದು ಕೆಡುವ ರೋಗಕ್ಕೆ ವೈದ್ಯರು ೨೦೧೨ರಲ್ಲಿ ಒಂದು ವ್ಯಾಖ್ಯೆಯನ್ನು ಗೊತ್ತುಮಾಡಿದ್ದರು. ಅದಕ್ಕೆ ಬರ್ಲಿನ್ ವ್ಯಾಖ್ಯೆಯೆಂದು ಹೆಸರು. ಅದರ ಪ್ರಕಾರ ಎದೆಯ ಕ್ಷಕಿರಣ ಅಥವಾ ಸಿಟಿ ಚಿತ್ರವೂ ಅಪಧಮನಿಯ ರಕ್ತದ ಪರೀಕ್ಷೆಯೂ ಉಸಿರಾಟದ ಯಂತ್ರದ ಆಧಾರವೂ ಇದ್ದ ಹೊರತು ಆ ರೋಗವಿದೆಯೆಂದು ಹೇ‍ಳುವಂತಿರಲಿಲ್ಲ. ರುವಾಂಡಾ ದೇಶದ ಕಿಗಾಲಿಯ ದೊಡ್ಡ ದವಾಖಾನೆಯಲ್ಲಿ ಕೆಲವು ವೈದ್ಯರು ಇವುಗಳ ಬದಲು ಕ್ಷಕಿರಣವಿಲ್ಲದಲ್ಲಿ ಅಲ್ಟ್ರಾಸೌಂಡನ್ನೂ, ರಕ್ತಪರೀಕ್ಷೆಗೆ ಬದಲಾಗಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನೂ ಉಪಯೋಗಿಸಿ ನೋಡಿದರು. ೨೦೧೬ರಲ್ಲಿ ಪ್ರಕಟವಾದ ಅವರ ವರದಿಯಂತೆ, ೧೦೪೬ ರೋಗಿಗಳಲ್ಲಿ ೪೨ ಜನರಿಗೆ ಆ ರೋಗವಿತ್ತು. ಅವರಲ್ಲಿ ಅರ್ಧದಷ್ಟು ಜನರು ತೀರಿಕೊಂಡರು. ಹಳೆಯ ವ್ಯಾಖ್ಯೆಯನ್ನೇ ಹಿಡಿದಿದ್ದರೆ ಅವರಲ್ಲಿ ಒಬ್ಬರಿಗೂ ಆ ರೋಗವಿರಲಿಲ್ಲವೆಂದು ಬರೆಯಬೇಕಾಗುತ್ತಿತ್ತು!

ವಾಚಕರೇ, ಇದರ ಅರ್ಥವನ್ನು ತುಸು ವಿಚಾರಿಸಿರಿ. ಅಳೆಯುವ ಸಾಧನವಿಲ್ಲದ ಊರಿನಲ್ಲಿ ಸತ್ತವನ ರೋಗಕ್ಕೆ ಹೆಸರೂ ಇರುವದಿಲ್ಲ, ಲೆಕ್ಕವೂ ಇರುವದಿಲ್ಲ. ‘ಜ್ವರ ಬಂದು ದಮ್ಮು ಹತ್ತಿ ಹೋದನು’ ಎಂದಷ್ಟೇ ಜನರು ಹೇಳುವರು. ಲೆಕ್ಕದಲ್ಲಿ ಬಾರದ ರೋಗಕ್ಕೆ ಹಣವೂ ಬರುವದಿಲ್ಲ, ಆಕ್ಸಿಜನ್ನೂ ಬರುವದಿಲ್ಲ. ಈಗ ೨೦೨೩-೨೪ರಲ್ಲಿ ಪ್ರಕಟವಾದ ಹೊಸ ಜಾಗತಿಕ ವ್ಯಾಖ್ಯೆಯು ಅಲ್ಟ್ರಾಸೌಂಡನ್ನೂ ಬೆರಳಿನ ಆಕ್ಸಿಮೀಟರನ್ನೂ ಪ್ರಮಾಣವೆಂದು ಒಪ್ಪಿಕೊಂಡಿದೆ. ಬಡ ದೇಶದ ಒಂದು ದವಾಖಾನೆಯಲ್ಲಿ ಮಾಡಿದ ಕೆಲಸವು ಜಗತ್ತಿನ ನಿಯಮವನ್ನೇ ತಿದ್ದಿದ ಉದಾಹರಣೆ ಇದು. ೨೦೨೦ ಮತ್ತು ೨೦೨೧ರ ಕೋವಿಡ್ ಕಾಲದಲ್ಲಿ ಆ ಪುಟ್ಟ ಆಕ್ಸಿಮೀಟರು ನಮ್ಮ ಹಳ್ಳಿಯ ಆಶಾ ಕಾರ್ಯಕರ್ತೆಯರ ಕೈಗೂ ಬಂದದ್ದನ್ನು ನಾವು ಕಂಡಿರುವೆವು. ಮೊದಲು ಶಸ್ತ್ರಕ್ರಿಯೆಯ ಕೋಣೆಯಲ್ಲಿ ಮಾತ್ರ ಇದ್ದ ಸಾಧನವು ಮನೆಯ ಪಡಸಾಲೆಗೆ ಇಳಿಯಬಹುದಾದರೆ, ಈ ಯಂತ್ರವು ತಾಲೂಕಿನ ವಾರ್ಡಿಗೆ ಬರುವದು ಅಶಕ್ಯವಲ್ಲ.

ಆದರೆ ಯಾವ ಸಾಧನವನ್ನೂ ಅದರ ಮಿತಿಯನ್ನು ಹೇಳದೆ ಹೊಗಳಬಾರದು. ಬೆಳಕಿನ ಕೋಲುಗಳು ನೀರಿದೆಯೆಂದು ಹೇಳುವವೇ ಹೊರತು, ಅದು ಹೃದಯದ ದೌರ್ಬಲ್ಯದ ನೀರೋ ಸೋಂಕಿನ ನೀರೋ ಎಂಬದನ್ನು ತಾವಾಗಿಯೇ ಹೇಳಲಾರವು. ಮೇಲ್ಪೊರೆಯು ನುಣುಪಾಗಿದ್ದು ಎರಡೂ ಕಡೆಗೆ ಸಮವಾಗಿ ಕಂಡರೆ ಹೃದಯದ ಕಡೆಗೆ, ಪೊರೆಯು ಒರಟಾಗಿದ್ದು ಅಲ್ಲಲ್ಲಿ ಮಾತ್ರ ಕಂಡರೆ ಸೋಂಕಿನ ಕಡೆಗೆ ಮನಸ್ಸು ವಾಲುವದು. ಆದರೂ ರೋಗಿಯ ವೃತ್ತಾಂತವನ್ನು ಕೇಳದೆ ನಿರ್ಣಯಿಸಲಾಗದು. ಶ್ವಾಸಕೋಶದ ನಡುವೆ ಆಳದಲ್ಲಿದ್ದು ಹೊರಪೊರೆಯನ್ನು ಮುಟ್ಟದ ರೋಗವು ಇದಕ್ಕೆ ಕಾಣುವದೇ ಇಲ್ಲ. ಕಲಿಯದ ಕೈಯಲ್ಲಿ ಇದು ಸುಳ್ಳು ಧೈರ್ಯವನ್ನೂ ಸುಳ್ಳು ಭಯವನ್ನೂ ಹುಟ್ಟಿಸಬಲ್ಲದು. ಸ್ಟೆಥಾಸ್ಕೋಪನ್ನು ಕೊರಳಲ್ಲಿ ಹಾಕಿಕೊಂಡವರೆಲ್ಲ ಕೇಳಬಲ್ಲವರಾಗುವದಿಲ್ಲ. ಹಾಗೆಯೇ ಹಿಡಿಕೆಯನ್ನು ಹಿಡಿದವರೆಲ್ಲ ನೋಡಬಲ್ಲವರಾಗುವದಿಲ್ಲ.

ಇನ್ನೊಂದು ಮಾತನ್ನು ಇಲ್ಲಿ ಮುಚ್ಚಿಡುವದು ಸಲ್ಲದು. ಎದೆಯನ್ನು ನೋಡುವ ಯಂತ್ರವೇ ಗರ್ಭವನ್ನೂ ನೋಡಬಲ್ಲದು. ಹೆಣ್ಣುಕೂಸನ್ನು ಗರ್ಭದಲ್ಲಿಯೇ ಕಂಡುಹಿಡಿದು ಕೊಲ್ಲುವ ಪಾಪಕ್ಕೆ ನಮ್ಮ ದೇಶದಲ್ಲಿ ಈ ಯಂತ್ರವು ಸಾಧನವಾಯಿತು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ೧೯೯೧ರಲ್ಲಿ ೯೪೫ ಇದ್ದ ಹೆಣ್ಣುಮಕ್ಕಳು ೨೦೦೧ರಲ್ಲಿ ೯೨೭ಕ್ಕೆ ಇಳಿದರು. ಇದನ್ನು ತಡೆಯಲು ೧೯೯೪ರಲ್ಲಿ ಮಾಡಿದ ಕಾಯಿದೆಯು ೧೯೯೬ರ ಜನವರಿ ೧ರಿಂದ ಜಾರಿಗೆ ಬಂದು, ೨೦೦೩ರಲ್ಲಿ ಇನ್ನಷ್ಟು ಬಿಗಿಯಾಯಿತು. ಪ್ರತಿಯೊಂದು ಯಂತ್ರಕ್ಕೂ ನೋಂದಣಿಯು ಬೇಕು. ಕೈಯಲ್ಲಿ ಹಿಡಿದು ಒಯ್ಯಬಹುದಾದ ಯಂತ್ರವನ್ನು ನೋಂದಣಿಯಾದ ಆವರಣದೊಳಗೆ ಅಲ್ಲಿಯ ಒಳರೋಗಿಗಳಿಗಾಗಿ ಅಥವಾ ಸಂಚಾರಿ ಚಿಕಿತ್ಸಾ ಘಟಕದ ಭಾಗವಾಗಿ ಮಾತ್ರ ಬಳಸಬಹುದೆಂದು ೨೦೧೨ರ ನಿಯಮವು ಹೇಳುತ್ತದೆ. ಪರದೇಶಗಳಲ್ಲಿ ವೈದ್ಯರು ಇದನ್ನು ಕಿಸೆಯಲ್ಲಿಟ್ಟುಕೊಂಡು ತಿರುಗುವದನ್ನು ಕಂಡ ತರುಣರು ಈ ಕಟ್ಟುಗಳಿಗಾಗಿ ಬೇಸರಪಡುವರು. ಅವರ ಬೇಸರವನ್ನು ನಾನು ಬಲ್ಲೆನು; ಆದರೂ ಕಾಯಿದೆಯನ್ನು ದೂರಲಾರೆನು. ಅದು ನಮ್ಮ ಸಮಾಜವು ತಾನೇ ಬರಮಾಡಿಕೊಂಡ ಬೇಲಿ. ಒಂದು ಮನೆಯ ತಾಯಿಯನ್ನು ಉಳಿಸಲು ತಂದ ಯಂತ್ರವು ಇನ್ನೊಂದು ಮನೆಯ ಮಗಳನ್ನು ಕೊಲ್ಲಬಾರದು.

ಮೇಲಾಗಿ, ತೀವ್ರ ರೋಗಿಗಳ ಮಟ್ಟಿಗೆ ಆ ಬೇಲಿಯು ಅಷ್ಟೊಂದು ಅಡ್ಡಿಯೂ ಆಗಲಾರದು. ಅಂಥ ರೋಗಿಗಳು ಇರುವದು ದವಾಖಾನೆಯ ಒಳಗೆ; ಅವರಿಗೆ ಬೇಕಾದದ್ದು ವಾರ್ಡಿನಲ್ಲಿಯೇ ಇರುವ, ನೋಂದಣಿಯಾದ, ದಾಖಲೆಯುಳ್ಳ ಒಂದು ಯಂತ್ರ. ಹೊಲದಿಂದ ಹೊಲಕ್ಕೆ ಒಯ್ಯುವ ಯಂತ್ರವು ಅವರಿಗೆ ಬೇಕಾಗಿಲ್ಲ. ಕಾನೂನನ್ನು ಸಡಿಲಿಸಿರೆಂದು ಕೇಳುವದಕ್ಕಿಂತ, ಕಾನೂನಿನೊಳಗೇ ದೊರೆಯಬಹುದಾದದ್ದನ್ನು ಪೂರ್ಣವಾಗಿ ಪಡೆಯುವದು ಯೋಗ್ಯವಾದ ಮಾರ್ಗ. ಯಂತ್ರವು ಹಲವು ದವಾಖಾನೆಗಳಲ್ಲಿ ಈಗಲೂ ಇದೆ. ಆದರೆ ಅದು ಬಸುರಿಯರ ಪರೀಕ್ಷೆಯ ಕೋಣೆಯಲ್ಲಿದ್ದು, ಸಂಜೆಗೆ ಆ ಕೋಣೆಗೆ ಬೀಗ ಬೀಳುವದು. ಆ ಬೀಗದ ಕೈಯು ರಾತ್ರಿಯ ಪಾಳಿಯ ವೈದ್ಯರಿಗೆ ದಾಖಲೆಪೂರ್ವಕವಾಗಿ ದೊರೆಯುವ ವ್ಯವಸ್ಥೆಯಾದರೂ ಆಗಬೇಕು. ಹುಬ್ಬಳ್ಳಿಯಲ್ಲಿ ೧೯೫೭ರಿಂದ ವೈದ್ಯಕೀಯ ಮಹಾವಿದ್ಯಾಲಯವಿದೆ; ನಮ್ಮ ಹಾವೇರಿಯಲ್ಲಿಯೂ ಈಗ ಒಂದು ಆಗಿರುವದು. ಇಂಥ ಸಂಸ್ಥೆಗಳಲ್ಲಿ ಕಲಿತು ಹೊರಬೀಳುವ ಪ್ರತಿಯೊಬ್ಬ ತರುಣನೂ ತರುಣಿಯೂ ಅಡ್ಡಗೆರೆ ಯಾವದು, ಬೆಳಕಿನ ಕೋಲು ಯಾವದು ಎಂಬಷ್ಟನ್ನಾದರೂ ಹಿರಿಯರ ಕೈಕೆಳಗೆ ನೋಡಿ ಕಲಿತೇ ತಾಲೂಕುಗಳಿಗೆ ಬರುವಂತಾಗಬೇಕು.

ಕೊನೆಗೆ, ಈ ಯಂತ್ರದಲ್ಲಿ ನಾನು ಮೆಚ್ಚಿದ ಗುಣವೊಂದನ್ನು ಹೇಳುವೆನು. ಕ್ಷಕಿರಣವೂ ಸಿಟಿಯೂ ಬಂದ ಮೇಲೆ ವೈದ್ಯನು ರೋಗಿಯ ಬದಲು ರೋಗಿಯ ಚಿತ್ರವನ್ನು ನೋಡತೊಡಗಿದನು. ಚಿತ್ರವು ಒಂದು ಕಡೆ, ರೋಗಿಯು ಇನ್ನೊಂದು ಕಡೆ. ಇದಾದರೋ ವೈದ್ಯನನ್ನು ಮತ್ತೆ ಮಂಚದ ಬಳಿಗೆ ಕರೆತರುವದು. ಹಿಡಿಕೆಯನ್ನಿಡಬೇಕಾದರೆ ರೋಗಿಯನ್ನು ಮುಟ್ಟಬೇಕು, ಹೊರಳಿಸಬೇಕು, ‘ಉಸಿರು ಎಳೆದುಕೋ ತಾಯಿ’ ಎಂದು ಮಾತಾಡಿಸಬೇಕು. ಹಾಗೆ ಬಳಿಯಲ್ಲಿ ನಿಂತ ಹತ್ತು ನಿಮಿಷಗಳಲ್ಲಿ ಕಣ್ಣಿಗೆ ಬೇರೆ ಏನೇನೋ ಬೀಳುವವು: ಬತ್ತಿದ ನಾಲಗೆ, ಬಾತ ಪಾದ, ಕೈಬೆರಳುಗಳ ತಂಪು. ಸಾಧನಗಳು ಕಡಿಮೆಯಿರುವ ದವಾಖಾನೆಯಲ್ಲಿ ಬಡವನ ಪಾಲಿಗೆ ಇಂಥ ಹತ್ತು ನಿಮಿಷಗಳು ಸಣ್ಣ ದಾನವಲ್ಲ. ನಮ್ಮ ಜಿಲ್ಲೆಯ ಹಿರಿಯರೂ ದಾನಿಗಳೂ ಅಧಿಕಾರಿಗಳೂ ದವಾಖಾನೆಗೆ ಏನನ್ನು ಕೊಡಬೇಕೆಂದು ವಿಚಾರಿಸುವಾಗ, ಗೋಡೆಗೆ ಹಾಕುವ ಕಲ್ಲಿನ ಹೆಸರುಹಲಗೆಗಿಂತ ಮೊದಲು, ವಾರ್ಡಿನಲ್ಲಿ ಗಾಲಿಯ ಮೇಲೆ ನಿಲ್ಲುವ ಇಂಥದೊಂದು ಯಂತ್ರವನ್ನೂ ಅದನ್ನು ಕಲಿಸುವ ಒಬ್ಬ ಗುರುವನ್ನೂ ನೆನೆಯಬೇಕೆಂದು ವಿನಂತಿಸಿ ವಿರಮಿಸುವೆನು.